ಕಲ್ಯಾಣದ ಬೇಟೆ, ಹುಮನಾಬಾದಿನ ಕಾವಲು

ಕಳೆದ ಮಾಗಿಯ ಒಂದು ಬೆಳಗ್ಗೆ ಹುಮನಾಬಾದಿನಿಂದ ಬಸವಕಲ್ಯಾಣಕ್ಕೆ ಹೊರಟ ಬಸ್ಸಿನಲ್ಲಿ ಪರಿಚಯದ ರೈತರೊಬ್ಬರು ನನ್ನ ಪಕ್ಕದಲ್ಲಿ ಬಂದು ಕುಳಿತರು. ವಯಸ್ಸಿನಲ್ಲಿ ನನಗಿಂತ ಹಿರಿಯರು. ರಾಜೇಶ್ವರ ದಾಟುವವರೆಗೆ ಮಳೆಯ ಮಾತು, ತೊಗರಿಯ ಧಾರಣೆಯ ಮಾತು ನಡೆಯಿತು. ಆಮೇಲೆ ಅವರು ದನಿ ತಗ್ಗಿಸಿ ಕೇಳಿದರು:

"ಸರ, ನೀವು ಓದಿದವ್ರಿದ್ದೀರಿ, ಒಂದು ಮಾತು ಹೇಳ್ರಿ. ರಾತ್ರಿ ಹೊಲಕ್ಕ ಹೋಗ್ಲಾಕ ಅಂಜಿಕಿ ಬರ್ತದ. ಕಾಡಹಂದಿ ಹಿಂಡಗಟ್ಟಿ ಬರ್ತಾವ. ಒಂದು ರಿವಾಲ್ವರ್ ತಗೋಬೇಕಂತ ಮಾಡೀನ್ರಿ. ಬತ್ತೀಸ್ ಬೋರಿಂದು ಛಲೋನೋ, ಅಡತೀಸ್ ಬೋರಿಂದು ಛಲೋನೋ?"

ಪಂಪನಲ್ಲಿ ಬೇಟೆಯ ವರ್ಣನೆ ಎಲ್ಲಿ ಬರುತ್ತದೆಂದು ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ರಿವಾಲ್ವರಿನ ಬೋರು ಕನ್ನಡ ಮೇಷ್ಟರ ಪಠ್ಯದಲ್ಲಿಲ್ಲ. ನಗು ಬಂದರೂ ನಗಲಾಗಲಿಲ್ಲ. ಒಂದೇ ರಾತ್ರಿಯಲ್ಲಿ ಅವರ ಜೋಳದ ಹೊಲ ಕಣದಂತೆ ತುಳಿದುಹೋದದ್ದು ನನಗೆ ಗೊತ್ತಿತ್ತು. "ನೋಡಿ ಹೇಳುತ್ತೇನೆ" ಎಂದೆ. ಹಾಗೆ ಹೇಳಿದ ತಪ್ಪಿಗೆ ಕೆಲವು ದಿನ ಪುಸ್ತಕಗಳ ನಡುವೆ ಅಲೆಯಬೇಕಾಯಿತು. ಅಲ್ಲಿ ಕಂಡದ್ದನ್ನು ವಾಚಕರ ಮುಂದಿಡುತ್ತಿದ್ದೇನೆ.

ಕಾಡುಪ್ರಾಣಿಯ ಎದುರು ಯಾವ ಸಾಧನ ಹಿಡಿಯಬೇಕೆಂಬುದು ಕಲ್ಯಾಣಕ್ಕೆ ಹೊಸ ಪ್ರಶ್ನೆಯಲ್ಲ. ಆರನೆಯ ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ೧೧೨೬ರಿಂದ ೧೧೩೮ರವರೆಗೆ ಇಲ್ಲಿಂದಲೇ ಆಳಿದ. ಆತ ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ಕ್ಕೆ ಐದು ವಿಂಶತಿಗಳು, ನೂರು ಅಧ್ಯಾಯಗಳು. ಅದರ ವಿನೋದಗಳ ಭಾಗದಲ್ಲಿ ಮೃಗಯೆ ಇದೆ, ನಾಯಿಗಳ ವಿನೋದವಿದೆ, ಡೇಗೆಯ ಬೇಟೆಯಿದೆ, ಮೀನು ಹಿಡಿಯುವುದೂ ಇದೆ. ಪಳಗಿಸಿದ ಚೀತಾವನ್ನು ಜಿಂಕೆಯ ಬೆನ್ನಿಗೆ ಬಿಡುವ ಬೇಟೆಯ ಬಗ್ಗೆ ನಮ್ಮ ದೇಶದಲ್ಲಿ ದೊರೆತಿರುವ ಮೊದಲ ಲಿಖಿತ ವಿವರ ಈ ಗ್ರಂಥದ್ದೇ ಎಂದು ವಿದ್ವಾಂಸರು ಹೇಳುತ್ತಾರೆ. ಇಂದೂ ನಮ್ಮ ಬೀದರ ಜಿಲ್ಲೆಯ ಹೊಲಗಳಲ್ಲಿ ಕೃಷ್ಣಮೃಗಗಳು ಮೇಯುತ್ತವೆ. ನಮ್ಮ ಜನ ಅವನ್ನು ಚಿಗರಿ ಎನ್ನುತ್ತಾರೆ. ಅವನ್ನು ಅಟ್ಟುತ್ತಿದ್ದ ಚೀತಾ ಮಾತ್ರ ಈ ದೇಶದಿಂದಲೇ ಅಳಿದುಹೋಯಿತೆಂದು ೧೯೫೨ರಲ್ಲಿ ಸಾರಬೇಕಾಯಿತು. ೨೦೨೨ರಲ್ಲಿ ಆಫ್ರಿಕದಿಂದ ತಂದು ಮಧ್ಯಪ್ರದೇಶದ ಕುನೋ ಕಾಡಿನಲ್ಲಿ ಬಿಟ್ಟದ್ದನ್ನು ಎಲ್ಲರೂ ಬಲ್ಲರು.

ಸೋಮೇಶ್ವರ ಈ ಭಾಗಕ್ಕೆ ಕೊಟ್ಟ ಹೆಸರೇ 'ವಿನೋದ'. ಆಯುಧವನ್ನೋ, ನಾಯಿಯನ್ನೋ, ಡೇಗೆಯನ್ನೋ ಆರಿಸುವ ಭಾಗ್ಯ ಅರಸನದು. ಮನಸ್ಸಿಲ್ಲದ ದಿನ ಅರಮನೆಯಲ್ಲೇ ಉಳಿಯಬಹುದಿತ್ತು. ಆದರೆ ಅದೇ ಕಲ್ಯಾಣದ ಸುತ್ತ ಜೋಳ ಬಿತ್ತಿದವನಿಗೆ ಮನಸ್ಸಿಲ್ಲವೆಂದು ಮಲಗುವ ಅವಕಾಶವೆಲ್ಲಿ? ಅವನ ಕಾವಲಿನ ವಿಷಯ ನೂರು ಅಧ್ಯಾಯಗಳಲ್ಲಿ ಒಂದಾಗಲಿಲ್ಲ. ಅವನಿಗಿದ್ದದ್ದು ಅಟ್ಟಣೆ, ಕವಣೆ, ಬೆಂಕಿ, ಕೂಗು ಮತ್ತು ನಾಯಿ.

ನಾಯಿಯೆಂದಾಗ ಆತಕೂರಿನ ಶಾಸನ ನೆನಪಾಗುತ್ತದೆ. ಹತ್ತನೆಯ ಶತಮಾನದ ನಡುವಣ ಮಾತು. ಮಾನ್ಯಖೇಟದ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಕಾದಿ ಗೆದ್ದ ಗಂಗರ ಬೂತುಗ, ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದಾಗ ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ಕಾಡುಹಂದಿಯೊಂದರ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಹೋರಾಡಿ ಸತ್ತವು. ನಾಯಿಗಾಗಿ ಕಲ್ಲು ನಿಲ್ಲಿಸಿದರು. ಅದು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹುಲಿಯೊಡನೆ, ಹಂದಿಯೊಡನೆ ಸೆಣಸಿ ಮಡಿದ ಮನುಷ್ಯರ ವೀರಗಲ್ಲುಗಳೂ ನಾಡಿನ ಹಲವೆಡೆ ಇವೆ. ಕೈಯಲ್ಲಿ ಈಟಿ ಅಥವಾ ಕಠಾರಿ, ಎದುರಿಗೆ ಮೃಗ. ಹಂದಿಯನ್ನು ಹತ್ತಿರದಿಂದ ಎದುರಿಸುವುದು ಪ್ರಾಣದ ಪಣವೆಂದು ನಮ್ಮ ಹಿರಿಯರು ಕಲ್ಲಿನಲ್ಲಿಯೇ ಕೊರೆದಿಟ್ಟಿದ್ದಾರೆ.

ಇನ್ನು ರಿವಾಲ್ವರಿನ ವಂಶಾವಳಿ. ಅಮೆರಿಕದ ಕೋಲ್ಟನು ತಿರುಗುಗೂಡಿನ ಪಿಸ್ತೂಲಿಗೆ ತನ್ನ ದೇಶದಲ್ಲಿ ಹಕ್ಕುಪತ್ರ ಪಡೆದದ್ದು ೧೮೩೬ರಲ್ಲಿ. ಇಂಗ್ಲೆಂಡಿನ ಆಡಮ್ಸನ ರಿವಾಲ್ವರು ೧೮೫೧ರಲ್ಲಿ ಬಂತು. ಆರು ವರ್ಷ ಕಳೆಯುವಷ್ಟರಲ್ಲಿ ಸಿಪಾಯಿಗಳು ಬಂಡೆದ್ದರು. ಸಣ್ಣ ಬೋರೋ ದೊಡ್ಡ ಬೋರೋ ಎಂಬ ಚರ್ಚೆ ಇಂಗ್ಲಿಷ್ ಅಧಿಕಾರಿಗಳಲ್ಲಿ ಬಿಸಿಯೇರಿದ್ದು ಆ ಕಾಲದ ಅನುಭವದಿಂದ. ಕೋಲ್ಟನ .೩೬ ಇಂಚಿನ ಗುಂಡು ಗುರಿ ಮುಟ್ಟುತ್ತದೆ, ಆದರೆ ಮೈಮೇಲೆ ಬರುವವನನ್ನು ತಡೆದು ನಿಲ್ಲಿಸುವುದಿಲ್ಲ; ಅದಕ್ಕೆ ಆಡಮ್ಸನ ದಪ್ಪ ಗುಂಡೇ ಬೇಕು ಎಂದು ವಾದಿಸಿದರು. ಅವರು 'ಮೈಮೇಲೆ ಬರುವವನು' ಎಂದದ್ದು ಹುಲಿಯನ್ನಲ್ಲ, ಹಂದಿಯನ್ನೂ ಅಲ್ಲ; ಕತ್ತಿ ಹಿಡಿದ ನಮ್ಮ ಸಿಪಾಯಿಯನ್ನು. ಬತ್ತೀಸೋ ಅಡತೀಸೋ ಎಂದು ನನ್ನ ಹಿರಿಯ ಮಿತ್ರರು ಬಸ್ಸಿನಲ್ಲಿ ಕೇಳಿದ ಪ್ರಶ್ನೆಯ ಹಿಂದೆ ಇಂಥ ಲೆಕ್ಕಾಚಾರದ ನೆರಳಿದೆ. ಆ ದಾರಿಯಲ್ಲೇ ೧೮೮೭ರಲ್ಲಿ ಬ್ರಿಟಿಷ್ ಸೈನ್ಯ ವೆಬ್ಲಿ ಕಂಪನಿಯ .೪೫೫ ರಿವಾಲ್ವರನ್ನು ಒಪ್ಪಿಕೊಂಡಿತು, ೧೯೩೨ರಲ್ಲಿ ಹಗುರವಾದ.೩೮ಕ್ಕೆ ಇಳಿಯಿತು.

ನಮ್ಮ ಸೀಮೆಯ ಚರಿತ್ರೆಯಲ್ಲೂ ಒಂದು ರಿವಾಲ್ವರು ಸದ್ದು ಮಾಡಿದೆ. ಸುರಪುರದ ರಾಜಾ ವೆಂಕಟಪ್ಪ ನಾಯಕ ೧೮೫೮ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾದ. ಎಳವೆಯಲ್ಲಿ ಅವನನ್ನು ನೋಡಿಕೊಂಡಿದ್ದ ಮೆಡೋಸ್ ಟೇಲರನನ್ನು ಅವನು 'ಅಪ್ಪ' ಎಂದೇ ಕರೆಯುತ್ತಿದ್ದ. ಶಿಕ್ಷೆಗಾಗಿ ಮದರಾಸಿನ ಕಡೆಗೆ ಒಯ್ಯುವಾಗ ದಾರಿಯ ಬೀಡಿನಲ್ಲಿ ಕಾವಲು ಅಧಿಕಾರಿಯ ರಿವಾಲ್ವರು ರಾಜನ ಕೈಗೆ ಸಿಕ್ಕಿ ಅದರಿಂದಲೇ ಅವನು ಪ್ರಾಣ ಬಿಟ್ಟನೆಂದು ಟೇಲರ್ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಅದು ಆತ್ಮಹತ್ಯೆಯೆಂದು ಒಪ್ಪದವರೂ ಇದ್ದಾರೆ. ಹೇಗೇ ಇರಲಿ, ರಕ್ಷಣೆಗೆಂದು ಸೊಂಟಕ್ಕೆ ಕಟ್ಟಿದ್ದು ಯಾರ ಎದೆಗೆ ತಿರುಗೀತೆಂದು ಮುಂಚಿತವಾಗಿ ಹೇಳಬಲ್ಲವರಾರು?

ಅಮೆರಿಕದಲ್ಲಿ ರಿವಾಲ್ವರು ಕಾಡಿಗೂ ಹೋಯಿತು. ೧೯೩೫ರಲ್ಲಿ .೩೫೭ ಮ್ಯಾಗ್ನಮ್, ೧೯೫೫ರಲ್ಲಿ .೪೪ ಮ್ಯಾಗ್ನಮ್ ಬಂದವು. ಕರಡಿಯಿರುವ ಕಾಡಿನಲ್ಲಿ ತಿರುಗುವವರು ಇಂದಿಗೂ ಇವುಗಳಲ್ಲಿ ಯಾವುದು ಮೇಲೆಂದು ವಾದಿಸುತ್ತಾರೆ. ನಮ್ಮಲ್ಲಿ ಆ ವಾದಕ್ಕೆ ಎಡೆಯೇ ಉಳಿಯಲಿಲ್ಲ. ೧೯೫೯ರ ಶಸ್ತ್ರಾಸ್ತ್ರ ಕಾಯಿದೆ ೧೯೬೨ರ ಅಕ್ಟೋಬರ್ ೧ರಿಂದ ಜಾರಿಗೆ ಬಂತು. ಸೈನ್ಯದ .೩೮ ಮತ್ತು .೪೫೫ ತೋಟಾ ಹಾರಿಸುವ ರಿವಾಲ್ವರುಗಳನ್ನು ನಿಯಮಗಳು 'ನಿಷಿದ್ಧ ಬೋರಿ'ನ ಸಾಲಿಗೆ ಸೇರಿಸಿದವು. ಸಾಮಾನ್ಯನಿಗೆ ಉಳಿದದ್ದು ಹೆಚ್ಚುಕಡಿಮೆ ಬತ್ತೀಸೇ. ಕಾನ್ಪುರದ ಕಾರ್ಖಾನೆಯಲ್ಲಿ ತಯಾರಾಗುವುದೂ, ೨೦೧೪ರಲ್ಲಿ ಹೆಂಗಸರಿಗೆಂದು 'ನಿರ್ಭೀಕ್' ಹೆಸರಿನಿಂದ ಬಂದದ್ದೂ ಈ ಬೋರಿನವೇ. ನನ್ನ ಮಿತ್ರರ ಅಡತೀಸು ಹೀಗೆ ಪುಸ್ತಕದಲ್ಲೇ ಬಿದ್ದುಹೋಯಿತು.

ಉಳಿದ ಬತ್ತೀಸಿನ ಯೋಗ್ಯತೆಯೇನು? ರಿವಾಲ್ವರಿನಲ್ಲಿ ಈ ಅಂಕಿ ಇಂಚಿನ ನೂರರ ಪಾಲು. ಅಂದರೆ ನಳಿಗೆಯ ಬಾಯಿ ಸುಮಾರು ಎಂಟು ಮಿಲಿಮೀಟರು, ಗುಂಡಿನ ತೂಕ ಆರು ಗ್ರಾಮಿನ ಮೇಲೆ ಚೂರು. ಹನ್ನೆರಡು ಬೋರಿನ ಬಂದೂಕದಲ್ಲಿ ಲೆಕ್ಕವೇ ಬೇರೆ: ಒಂದು ಪೌಂಡು ಸೀಸದಿಂದ ಹನ್ನೆರಡು ಗುಂಡು ಎರೆದರೆ ಅಂಥ ಒಂದು ಗುಂಡು ಹಿಡಿಯುವ ಬಾಯಿ, ಒಂದೊಂದರ ತೂಕ ಸುಮಾರು ೩೮ ಗ್ರಾಮು. ಬಲಿತ ಕಾಡುಹಂದಿ ನೂರು ಕಿಲೋ ಮೀರಬಹುದು. ಅದರ ಹೆಗಲ ತೊಗಲು ಗುರಾಣಿಯಂತೆ. ಕೆರಳಿ ನುಗ್ಗಿದರೆ ಇಪ್ಪತ್ತು ಮೀಟರು ದಾಟಲು ಎರಡು ಸೆಕೆಂಡು ಸಾಕು. ಅಮಾವಾಸ್ಯೆಯ ಕತ್ತಲು, ನಡುಗುವ ಕೈ, ಆರು ಗ್ರಾಮಿನ ಗುಂಡು; ತಾಗಿದರೂ ಹಂದಿ ನಿಲ್ಲುವುದು ಅನುಮಾನ. ಗಾಯಗೊಂಡ ಹಂದಿ ಗಾಯವಿಲ್ಲದ ಹಂದಿಗಿಂತ ಕೆಟ್ಟದ್ದು.

ಕಾಯಿದೆ ಬರೆದವರಿಗೂ ಇದು ತಿಳಿದಿದ್ದಂತಿದೆ. ಬೆಳೆಯ ಕಾವಲಿಗೆ ಅದು ಹೆಸರಿಸುವುದು ಬಾಯಿಂದ ಮದ್ದು ತುಂಬುವ ಬಂದೂಕವನ್ನು. ಆತ್ಮರಕ್ಷಣೆಗೆ, ಇಪ್ಪತ್ತು ಇಂಚಿಗೆ ಕಡಿಮೆಯಿಲ್ಲದ ನಯವಾದ ನಳಿಗೆಯ ಬಂದೂಕವನ್ನು. ಕೊಡಗಿನವರಿಗೆ ಹಿಂದಿನಿಂದ ಬಂದ ವಿನಾಯಿತಿಯಿದೆ. ಅದನ್ನು ೨೦೨೯ರವರೆಗೆ ಮುಂದುವರಿಸಲಾಗಿದೆ. ಹುಮನಾಬಾದಿನ ರೈತನಿಗೆ ಪರವಾನಿಗೆಯೇ ದಾರಿ.

ಬಂದೂಕ ಬಂದರೂ ಎಲ್ಲವೂ ಮುಗಿಯಲಿಲ್ಲ. ೧೯೭೨ರ ವನ್ಯಜೀವಿ ಕಾಯಿದೆಯಂತೆ ಕೃಷ್ಣಮೃಗ ಮೊದಲನೆಯ ಪಟ್ಟಿಯ ಪ್ರಾಣಿ. ಜೀವಕ್ಕೆ ಕುತ್ತು ಬಂದಾಗ ಸದ್ಭಾವದಿಂದ ಮೃಗವನ್ನು ಕೊಂದರೆ ಅಪರಾಧವಲ್ಲವೆಂದು ಕಾಯಿದೆ ಹೇಳುತ್ತದೆ. ಬೆಳೆಗೆ ಕುತ್ತು ಬಂದಾಗ ಮಾತ್ರ ಮೇಲಿನವರ ಅಪ್ಪಣೆ ಬೇಕು. ಪ್ರಾಣ ಮತ್ತು ಪೈರಿನ ನಡುವೆ ಹೀಗೊಂದು ಗೆರೆ ಎಳೆದಿದೆ. ನ್ಯಾಯವಾದ ಗೆರೆಯೇ. ಇದೇ ಕಲ್ಯಾಣದಲ್ಲಿ ಸೋಮೇಶ್ವರನ ಬೇಟೆಯ ಕಾಲ ಮುಗಿದು ಹೆಚ್ಚು ವರ್ಷವಾಗುವ ಮೊದಲೇ ಬಸವಣ್ಣನವರು ದಯೆಗೆ ಮೊದಲ ಮಣೆ ಹಾಕಿದರು. ನಾವು ಆ ಮಾತನ್ನು ಕಾಯಿದೆಯಾಗಿ ಬರೆದುಕೊಳ್ಳುವುದಕ್ಕೆ ಎಂಟು ಶತಮಾನ ಹಿಡಿಯಿತು. ಆದರೆ ಆ ದಯೆಯ ಖರ್ಚನ್ನು ಯಾರು ಹೊರಬೇಕು? ಚಿಗರಿಯ ಚೆಲುವನ್ನು ಪಟದಲ್ಲಿ ನೋಡುವ ನಾವು ಹೊರುವುದಿಲ್ಲ. ಅದು ಮೇಯುವ ಹೊಲದವನು ಹೊರುತ್ತಾನೆ. ಅರಸನ ವಿನೋದದ ಕಾಲದಲ್ಲಿ ಗ್ರಂಥದಿಂದ ಹೊರಗುಳಿದವನು, ಸಂರಕ್ಷಣೆಯ ಕಾಲದಲ್ಲಿಯೂ ಅಟ್ಟಣೆಯ ಮೇಲೆ ಒಬ್ಬನೇ ಕುಳಿತಿದ್ದಾನೆ.

ಹದಿನೈದು ದಿನದ ಮೇಲೆ ಅವರ ಹೊಲಕ್ಕೇ ಹೋಗಿ ಇಷ್ಟನ್ನೂ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಕಾಳಿಯ ಕಥೆ ಅವರಿಗೆ ಬಹಳ ಹಿಡಿಸಿತು. ನಾಯಿಗೆ ಕಲ್ಲು ನಿಲ್ಲಿಸಿದವರು ದೊಡ್ಡವರು ಎಂದರು. ಕಡೆಗೆ, "ಅಂದ್ರ ರಿವಾಲ್ವರ್ ಮನಷ್ಯಾರನ್ನ ಹೊಡ್ಯೋದು ಅನ್ರಿ, ಹಂದಿಗಿ ಅಲ್ಲ," ಎಂದರು. ನಾನು ಪುಟಗಟ್ಟಲೆ ಓದಿ ಕಂಡದ್ದು ಅಷ್ಟೇ. "ಹೌದ್ರಿ" ಎಂದೆ.

"ಹಂಗಾರ ಬ್ಯಾಡ್ರಿ. ಮನಿಯಾಗ ಸಣ್ಣ ಹುಡುಗರದಾವ."

ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ಆದ್ರ ಜ್ವಾಳಕ್ಕೇನ್ ಮಾಡ್ಲಿ, ಸರ?"

ಇದಕ್ಕೆ ನನ್ನ ಪುಸ್ತಕಗಳಲ್ಲಿ ಉತ್ತರವಿರಲಿಲ್ಲ. ಸಂಜೆಯಾಗುತ್ತಿತ್ತು. ಅವರು ಎದ್ದು ಅಟ್ಟಣೆಯ ಕೆಳಗಿನ ಹಳೆಯ ಡಬ್ಬ ಮತ್ತು ಕೋಲನ್ನು ತೆಗೆದುಕೊಂಡರು. ನಾನು ರಸ್ತೆ ಸೇರಿ ಬಸ್ಸಿಗೆ ಕಾಯುತ್ತ ನಿಂತಾಗ ಡಬ್ಬದ ಸದ್ದು ಮೊದಲು ಅವರ ಹೊಲದಿಂದ, ಆಮೇಲೆ ಅದರಾಚೆಯ ಹೊಲದಿಂದ, ಮತ್ತೂ ಆಚೆಯಿಂದ ಕೇಳಿಬರುತ್ತಿತ್ತು.