ಕಡಿಮೆ ಖರ್ಚಿನ ಪುಟ್ಟ ಗೇಮಿಂಗ್ ಕಂಪ್ಯೂಟರ್: ಬಿಡಿಭಾಗ ಆರಿಸುವ ಮುನ್ನ ತಿಳಿದಿರಬೇಕಾದದ್ದು

ತೇನಿ, ಬೋಡಿ, ಕಂಬಂ, ದಿಂಡಿಗಲ್ ಭಾಗದ ನಮ್ಮ ಮನೆಗಳಲ್ಲಿ ಕಂಪ್ಯೂಟರ್ ಕೊಳ್ಳುವುದು ಇಂದಿಗೂ ದೊಡ್ಡ ಖರ್ಚು. ಮಕ್ಕಳಿಗೆ ಆಟ, ಕಾಲೇಜಿನ ಪ್ರಾಜೆಕ್ಟ್, ಅಪ್ಪನಿಗೆ ಅಂಗಡಿ ಲೆಕ್ಕ, ಸಂಘದ ಕೆಲಸಕ್ಕೆ ಕನ್ನಡ ಟೈಪಿಂಗ್, ಎಲ್ಲಕ್ಕೂ ಒಂದೇ ಯಂತ್ರ. ಹೊಂದದ ಒಂದು ಭಾಗ ಕೊಂಡರೆ ಆ ಹಣ ಸುಲಭವಾಗಿ ಹಿಂದಿರುಗುವುದಿಲ್ಲ. ಆದ್ದರಿಂದ ಜಾಗ ಕಡಿಮೆ, ಹಣವೂ ಕಡಿಮೆ ಇರುವವರು ಭಾಗಗಳನ್ನು ಹೇಗೆ ಆರಿಸಬೇಕೆಂದು ಇಲ್ಲಿ ಕ್ರಮವಾಗಿ ಕೊಟ್ಟಿದ್ದೇವೆ.

ಸಾರ ಇಷ್ಟೇ: ಹೆಚ್ಚಿನವರು ಮೊದಲು ಗ್ರಾಫಿಕ್ಸ್ ಕಾರ್ಡ್ ಆರಿಸಿ ಆಮೇಲೆ ಉಳಿದದ್ದನ್ನು ಹೊಂದಿಸುತ್ತಾರೆ. ಪುಟ್ಟ ಯಂತ್ರಕ್ಕೆ ಇದು ತಲೆಕೆಳಗಾದ ದಾರಿ. ಯಂತ್ರ ಎಷ್ಟು ವಾಟ್ ಎಳೆಯಬಹುದು, ಎಷ್ಟು ಬಿಸಿ ಹೊರಹಾಕಬೇಕು ಎಂಬುದನ್ನು ಮೊದಲು ನಿಶ್ಚಯಿಸಿ, ಕಾರ್ಡನ್ನು ಅದರೊಳಗೆ ಆರಿಸಿ.

1. ಯಾವ ಆಟ, ಯಾವ ಪರದೆ?

1920×1080 ಪರದೆ ಸಾಕು; ಅದಕ್ಕಿಂತ ದೊಡ್ಡ ರೆಸಲ್ಯೂಷನ್ ಈ ಬಜೆಟ್‌ಗೆ ಹೊರೆ. ವ್ಯಾಲೊರಂಟ್‌ನಂಥ ಹಗುರ ಆಟಗಳಷ್ಟೇ ಆದರೆ ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಸಾಕಾಗುತ್ತದೆ. ಹೊಸ, ಭಾರಿ ಆಟಗಳಿಗೆ ಪ್ರತ್ಯೇಕ ಕಾರ್ಡ್ ಬೇಕೇ ಬೇಕು. ಒಂದು ಎಚ್ಚರಿಕೆ: ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಓಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎರಡೂ ಚಾಲೂ ಇರಬೇಕು. ವಿಂಡೋಸ್ ಹಣ ಉಳಿಸಲು ಲಿನಕ್ಸ್ ಹಾಕಿದರೆ ಆ ಆಟ ಓಡುವುದೇ ಇಲ್ಲ.

2. ಎಷ್ಟು ಚಿಕ್ಕದು?

ಮಿನಿ ಐಟಿಎಕ್ಸ್ ಮದರ್‌ಬೋರ್ಡ್ 17 ಸೆಂ.ಮೀ. ಚೌಕ. ಮೈಕ್ರೋ ಎಟಿಎಕ್ಸ್ ಗರಿಷ್ಠ 24.4 ಸೆಂ.ಮೀ. ಚೌಕ. ನೋಡಲು ಮೊದಲನೆಯದು ಮುದ್ದಾಗಿದೆ, ಆದರೆ ಬೋರ್ಡ್ ದುಬಾರಿ, ಕ್ಯಾಬಿನೆಟ್ ದುಬಾರಿ, ಹಲವು ಕ್ಯಾಬಿನೆಟ್‌ಗಳಿಗೆ ಎಸ್‌ಎಫ್‌ಎಕ್ಸ್ ಎಂಬ ಸಣ್ಣ ಅಳತೆಯ ಎಸ್‌ಎಂಪಿಎಸ್ ಬೇಕು, ಅದೂ ದುಬಾರಿ. ಕೆಟ್ಟರೆ ಅದೇ ಅಳತೆಯ ಭಾಗ ಊರಿನ ಅಂಗಡಿಯಲ್ಲಿ ಸಿಗುವುದು ಕಷ್ಟ. ಮೈಕ್ರೋ ಎಟಿಎಕ್ಸ್ ಬೋರ್ಡಿಗೆ ಸಾಮಾನ್ಯ ಎಟಿಎಕ್ಸ್ ಎಸ್‌ಎಂಪಿಎಸ್ ಹಾಕುವ ಚಿಕ್ಕ ಕ್ಯಾಬಿನೆಟ್‌ಗಳು ಸಿಗುತ್ತವೆ. ಮೇಜಿನ ಮೇಲೆ ಒಂದು ಗೇಣು ಜಾಗ ಹೆಚ್ಚು ಹೋಗಬಹುದು, ಆದರೆ ಉಳಿದ ಹಣ ಕಾರ್ಡಿಗೆ ಸೇರುತ್ತದೆ. ನಮ್ಮ ಭಾಗಕ್ಕೆ ಇದೇ ಸೂಕ್ತ.

3. ವಾಟ್ ಲೆಕ್ಕ

ಮದರ್‌ಬೋರ್ಡಿನ ಗ್ರಾಫಿಕ್ಸ್ ಸ್ಲಾಟ್ ತಾನೇ ಕೊಡಬಲ್ಲದ್ದು 75 ವಾಟ್. ಅದಕ್ಕಿಂತ ಹೆಚ್ಚು ಎಳೆಯುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಬೇರೆ ತಂತಿ ಬೇಕು. ಎರಡು ಕಾರ್ಡುಗಳನ್ನು ಹೋಲಿಸಿ ನೋಡೋಣ.

ಎನ್ವಿಡಿಯಾ ಆರ್‌ಟಿಎಕ್ಸ್ 3050, 6 ಜಿಬಿ: 70 ವಾಟ್. 2024ರಲ್ಲಿ ಬಂದದ್ದು. ಹೆಚ್ಚಿನ ಮಾದರಿಗಳಿಗೆ ಬೇರೆ ತಂತಿ ಬೇಡ.

ಎಎಂಡಿ ಆರ್‌ಎಕ್ಸ್ 6600, 8 ಜಿಬಿ: 132 ವಾಟ್. 2021ರದ್ದು. ಮೇಲಿನದಕ್ಕಿಂತ ಸ್ಪಷ್ಟವಾಗಿ ವೇಗ. 8 ಪಿನ್‌ನ ತಂತಿ ಬೇಕು.

65 ವಾಟ್ ಎಂದು ಗುರುತಿಸಿದ ಪ್ರೊಸೆಸರ್ ಪೂರ್ಣ ಹೊರೆಯಲ್ಲಿ 80 ವಾಟ್‌ವರೆಗೆ ಹೋಗುತ್ತದೆ ಎಂದಿಟ್ಟುಕೊಳ್ಳಿ. ಫ್ಯಾನ್, ಎಸ್‌ಎಸ್‌ಡಿ, ಬೋರ್ಡಿಗೆ 50 ವಾಟ್. 3050 ಹಾಕಿದರೆ ಒಟ್ಟು 200. 6600 ಹಾಕಿದರೆ ಸುಮಾರು 260. ಎಸ್‌ಎಂಪಿಎಸ್‌ನಲ್ಲಿ ಆಗುವ ನಷ್ಟ ಮತ್ತು ಮಾನಿಟರ್ ಸೇರಿಸಿದರೆ ಗೋಡೆಯ ಪ್ಲಗ್‌ನಿಂದ ಕ್ರಮವಾಗಿ 260 ಮತ್ತು 330 ವಾಟ್ ಆಸುಪಾಸು.

ಈ ಲೆಕ್ಕ ಎರಡು ಕಡೆ ನೆರವಿಗೆ ಬರುತ್ತದೆ. ಮೊದಲನೆಯದು ಯುಪಿಎಸ್. ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವಾಟ್ ಮಾತ್ರ. ಮೊದಲ ಯಂತ್ರಕ್ಕೆ ಅದು ಸಾಕು. ಎರಡನೆಯದಕ್ಕೆ ಅಂಚಿನಲ್ಲಿ ನಿಲ್ಲುತ್ತದೆ, 1000 ವಿಎ ಆಸುಪಾಸಿನದು ಬೇಕು. ಎರಡನೆಯದು ಬಿಲ್ಲು. ದಿನಕ್ಕೆ ಮೂರು ಗಂಟೆ ಆಡಿದರೆ ಎರಡು ತಿಂಗಳ ಬಿಲ್ಲಿಗೆ ಮೊದಲನೆಯದು ಸುಮಾರು 47 ಯೂನಿಟ್, ಎರಡನೆಯದು 59 ಯೂನಿಟ್ ಸೇರಿಸುತ್ತದೆ. ತಮಿಳುನಾಡಿನಲ್ಲಿ ಬಳಕೆ ಏರಿದಂತೆ ದರವೂ ಏರುವುದರಿಂದ ಈ ಯೂನಿಟ್‌ಗಳು ನಿಮ್ಮ ಬಿಲ್ಲಿನ ದುಬಾರಿ ತುದಿಗೇ ಸೇರುತ್ತವೆ.

4. ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಬೇಡ

ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಹೆಸರಿಲ್ಲದ ಎಸ್‌ಎಂಪಿಎಸ್ ಬೇಡ. ಕರೆಂಟ್ ಹೋಗಿ ಬರುವಾಗಿನ ಏರುಪೇರನ್ನು ಮೊದಲು ತಡೆದುಕೊಳ್ಳಬೇಕಾದ ಭಾಗ ಇದೇ. ಇದು ಸುಡುವಾಗ ಕೆಲವೊಮ್ಮೆ ಬೋರ್ಡು, ಕಾರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. 80 ಪ್ಲಸ್ ಗುರುತಿನ, ಹೆಸರಿರುವ ಕಂಪನಿಯ 450 ವಾಟ್ ಮೇಲಿನ ಎರಡೂ ಯಂತ್ರಕ್ಕೆ ಸಾಕು. ಕೆಲವು ಎಸ್‌ಎಂಪಿಎಸ್‌ಗಳು ಅಗ್ಗದ ಯುಪಿಎಸ್ ಜೊತೆ ಹೊಂದದೆ, ಕರೆಂಟ್ ಹೋದೊಡನೆ ಯಂತ್ರ ಆಫ್ ಆಗುವುದುಂಟು. ಎರಡನ್ನೂ ಅಂಗಡಿಯಲ್ಲೇ ಜೋಡಿಸಿ, ಪ್ಲಗ್ ಕಿತ್ತು ಪರೀಕ್ಷಿಸಿ. ಹಳೆಯ ಮನೆಯಾದರೆ ಪ್ಲಗ್ ಪಾಯಿಂಟಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ಗೆ ತೋರಿಸಿ.

5. ಪ್ರೊಸೆಸರ್

ಕಾರ್ಡ್ ಇಲ್ಲದೆ ಆರಂಭಿಸುವವರಿಗೆ ಎಎಂಡಿ ರೈಜನ್ 5 5600ಜಿ (ಡಿಡಿಆರ್ 4 ಬೋರ್ಡ್), ಇಲ್ಲವೇ ಅದಕ್ಕಿಂತ ಹೊಸದಾದ 8600ಜಿ (ಡಿಡಿಆರ್ 5 ಬೋರ್ಡ್). ಮೊದಲ ದಿನದಿಂದಲೇ ಕಾರ್ಡ್ ಹಾಕುವವರಿಗೆ ರೈಜನ್ 5 5600 ಅಥವಾ ಇಂಟೆಲ್ ಐ3 12100ಎಫ್.

ಹೆಸರಿನ ಕೊನೆಯ ಅಕ್ಷರ ಗಮನಿಸಿ. ಇಂಟೆಲ್‌ನಲ್ಲಿ ‘ಎಫ್’ ಎಂದರೆ ಒಳಗೆ ಗ್ರಾಫಿಕ್ಸ್ ಇಲ್ಲ. ಕಾರ್ಡ್ ಹಾಕುವವರೆಗೆ ಪರದೆಯಲ್ಲಿ ಏನೂ ಬಾರದು. ಕಾರ್ಡ್ ಕೆಟ್ಟು ಸರ್ವಿಸ್‌ಗೆ ಹೋದರೆ ಮನೆಯ ಲೆಕ್ಕದ ಕೆಲಸವೂ ನಿಲ್ಲುತ್ತದೆ. ರೈಜನ್ 5 5600ಕ್ಕೂ ಇದೇ ಮಾತು. 5600ಜಿಯಲ್ಲಿ ಗ್ರಾಫಿಕ್ಸ್ ಇದೆ, ಆದರೆ ಕ್ಯಾಶ್ ಅರ್ಧ. ಮುಂದೆ ಕಾರ್ಡ್ ಹಾಕಿದಾಗ 5600ಕ್ಕಿಂತ ಸ್ವಲ್ಪ ಹಿಂದೆ ಉಳಿಯುತ್ತದೆ.

6. ಒಂದೇ ಹೆಸರು, ಬೇರೆ ಬೇರೆ ಸರಕು

ಆರ್‌ಟಿಎಕ್ಸ್ 3050 ಹೆಸರಿನಲ್ಲೇ 8 ಜಿಬಿಯ ಹಳೆಯ ಕಾರ್ಡೂ ಇದೆ. ಅದು 130 ವಾಟ್‌ನದು, ವೇಗವೂ ಹೆಚ್ಚು. ಕೇವಲ ‘3050’ ಎಂದು ಬಿಲ್ ಬರೆಸಬೇಡಿ, ಜಿಬಿ ಸಹಿತ ಬರೆಸಿ. ಆರ್‌ಎಕ್ಸ್ 6400 ಪುಟ್ಟ ಕ್ಯಾಬಿನೆಟ್‌ಗೆ ಚೆನ್ನಾಗಿ ಹೊಂದುತ್ತದೆ, ಆದರೆ 4 ಜಿಬಿ ಮಾತ್ರ. ಪಿಸಿಐಇ 3.0 ಇರುವ ಹಳೆಯ ಯಂತ್ರದಲ್ಲಿ ಇನ್ನೂ ನಿಧಾನ. ಆಟದ ವಿಡಿಯೊ ರೆಕಾರ್ಡ್ ಮಾಡುವ ಪ್ರತ್ಯೇಕ ಘಟಕವೂ ಅದರಲ್ಲಿಲ್ಲ. ಯೂಟ್ಯೂಬ್‌ಗೆ ಹಾಕುವ ಆಸೆ ಇರುವವರು ಅದನ್ನು ಬಿಡುವುದು ಒಳ್ಳೆಯದು.

7. ರ‍್ಯಾಮ್ ಮತ್ತು ಎಸ್‌ಎಸ್‌ಡಿ

16 ಜಿಬಿ ಬೇಕು, ಅದೂ ಎಂಟೆಂಟರ ಎರಡು ಕಡ್ಡಿಗಳಾಗಿ. ಒಂದೇ 16 ಜಿಬಿ ಕಡ್ಡಿ ಹಾಕಿದರೆ ಡ್ಯುಯಲ್ ಚಾನೆಲ್ ಸಿಗದು. ಪ್ರೊಸೆಸರ್‌ನ ಗ್ರಾಫಿಕ್ಸ್ ನೆಚ್ಚಿಕೊಂಡವರಿಗೆ ಇದರಿಂದ ದೊಡ್ಡ ಪೆಟ್ಟು. 2025ರ ಕೊನೆಯ ತಿಂಗಳುಗಳಿಂದ ರ‍್ಯಾಮ್ ಬೆಲೆ ತೀವ್ರವಾಗಿ ಏರಿದೆ. ಹಳೆಯ ಯಂತ್ರದಲ್ಲಿ ಡಿಡಿಆರ್ 4 ಡೆಸ್ಕ್‌ಟಾಪ್ ರ‍್ಯಾಮ್ ಇದ್ದರೆ ಅದಕ್ಕೆ ಹೊಂದುವ ಬೋರ್ಡ್ ಆರಿಸಿ ಹಣ ಉಳಿಸಬಹುದು. ಡಿಡಿಆರ್ 4 ಕಡ್ಡಿ ಡಿಡಿಆರ್ 5 ಬೋರ್ಡಿನಲ್ಲಿ ಕೂರುವುದಿಲ್ಲ. ಎಸ್‌ಎಸ್‌ಡಿ ಕನಿಷ್ಠ 500 ಜಿಬಿ, ಎನ್‌ವಿಎಂಇ ಮಾದರಿ. ದೊಡ್ಡ ಆಟವೊಂದೇ 100 ಜಿಬಿ ಮೀರಬಹುದಾದ್ದರಿಂದ ಕೈಗೆಟುಕಿದರೆ 1 ಟಿಬಿ.

8. ಬಿಸಿಲು ಮತ್ತು ಆಡಿ ಗಾಳಿ

ಬೇಸಿಗೆ ಮಧ್ಯಾಹ್ನ ನಮ್ಮ ಕೋಣೆಗಳೇ 35 ಡಿಗ್ರಿ ದಾಟುತ್ತವೆ. ಎಸಿ ಕೋಣೆಯಲ್ಲಿ ನಡೆಸಿದ ಪರೀಕ್ಷೆಯ ಅಂಕಿಗಳನ್ನು ನಂಬಿ ಕ್ಯಾಬಿನೆಟ್ ಕೊಳ್ಳಬೇಡಿ. ಮುಂದೆ ಗಾಜಿನ ಹಲಗೆ ಬೇಡ, ಜಾಲರಿ ಇರಲಿ. ಮುಂದೊಂದು ಫ್ಯಾನ್ ಗಾಳಿ ಎಳೆಯಲಿ, ಹಿಂದೊಂದು ಹೊರಹಾಕಲಿ. ಕಣಿವೆಯಲ್ಲಿ ಗಾಳಿಯಂತ್ರಗಳನ್ನು ತಿರುಗಿಸುವ ಆಡಿ ಗಾಳಿ ಧೂಳನ್ನೂ ತರುತ್ತದೆ. ಕಳಚಿ ತೊಳೆಯಬಹುದಾದ ಫಿಲ್ಟರ್ ಇರಲಿ. ಗಾಳಿಯ ತಿಂಗಳುಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೊಳೆದು, ಒಣಗಿಸಿ ಹಾಕಿ. ಕೊಳ್ಳುವ ಮುನ್ನ ಮೂರು ಅಳತೆ ಹೋಲಿಸಿ: ಕಾರ್ಡಿನ ಉದ್ದ, ಪ್ರೊಸೆಸರ್ ಕೂಲರ್‌ನ ಎತ್ತರ, ಎಸ್‌ಎಂಪಿಎಸ್‌ನ ಉದ್ದ.

9. ಹಳೆಯ ಆಫೀಸ್ ಯಂತ್ರ ಕೊಳ್ಳಬಹುದೇ?

ಕಚೇರಿಗಳಿಂದ ಹೊರಬರುವ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್ ಯಂತ್ರಗಳು ಕಡಿಮೆ ಬೆಲೆಗೆ ಸಿಗುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದ್ದರಿಂದ ಇಂಟೆಲ್ ಆದರೆ 8ನೇ ತಲೆಮಾರು ಅಥವಾ ನಂತರದ್ದನ್ನೇ ಕೇಳಿ. ತೆಳು ಕ್ಯಾಬಿನೆಟ್‌ಗೆ ಅರ್ಧ ಎತ್ತರದ ಕಾರ್ಡ್ ಮಾತ್ರ ಹಿಡಿಯುತ್ತದೆ. 3050ರ 6 ಜಿಬಿಯಲ್ಲಿ ಅಂಥ ಮಾದರಿಗಳಿವೆ. ಎಸ್‌ಎಂಪಿಎಸ್ ಆ ಕಂಪನಿಯದೇ ಅಳತೆ, ಬೇರೆಯದು ಕೂರುವುದಿಲ್ಲ. ಹೀಗಾಗಿ ಮುಂದೆ ದೊಡ್ಡ ಕಾರ್ಡಿಗೆ ಏರುವ ದಾರಿ ಅಲ್ಲಿಗೆ ಮುಚ್ಚಿತೆಂದೇ ತಿಳಿಯಿರಿ.

10. ಎಲ್ಲಿ ಕೊಳ್ಳುವುದು?

ತೇನಿ, ದಿಂಡಿಗಲ್ ಅಂಗಡಿಗಳಲ್ಲಿ ಆಯ್ಕೆ ಕಡಿಮೆ; ಮಧುರೈಯಲ್ಲಿ ಹೆಚ್ಚು; ಚೆನ್ನೈನ ರಿಚ್ಚಿ ಸ್ಟ್ರೀಟ್, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಇನ್ನೂ ಹೆಚ್ಚು. ಎಸ್.ಪಿ. ರಸ್ತೆ ಎಂದರೆ ಸಾದರ ಪತ್ರಪ್ಪ ರಸ್ತೆ. ಅಲ್ಲಿ ನಮ್ಮ ಕನ್ನಡವೇ ನಡೆಯುತ್ತದೆ. ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಬೆಂಗಳೂರಿನಿಂದ ದಿಂಡಿಗಲ್‌ಗೆ ನೇರ ಬರುವುದರಿಂದ ನೆಂಟರ ಮನೆಗೆ ಹೋದವರು ತರಬಹುದು. ಜಿಎಸ್‌ಟಿ ಎರಡೂ ರಾಜ್ಯಗಳಲ್ಲಿ ಶೇ. 18, ತೆರಿಗೆಯಿಂದ ಅಲ್ಲಿ ಅಗ್ಗವಾಗುವುದಿಲ್ಲ. ವಾರಂಟಿಗೆ ಮತ್ತೆ ಬೆಂಗಳೂರಿಗೇ ಹೋಗಬೇಕೇ, ಮಧುರೈಯಲ್ಲಿ ಸರ್ವಿಸ್ ಸೆಂಟರ್ ಇದೆಯೇ ಎಂದು ಮೊದಲೇ ಕೇಳಿ. ಪ್ರತಿ ಭಾಗದ ಸೀರಿಯಲ್ ನಂಬರ್ ಬಿಲ್ಲಿನಲ್ಲಿರಲಿ. ಬಿಲ್ಲಿಲ್ಲದೆ ಕಡಿಮೆ ಬೆಲೆ ಎಂದರೆ ವಾರಂಟಿಯೂ ಇಲ್ಲ. ಜೋಡಿಸಿದ ಯಂತ್ರವನ್ನು ಬಸ್ಸು, ರೈಲಿನಲ್ಲಿ ತರುವುದಾದರೆ ಗ್ರಾಫಿಕ್ಸ್ ಕಾರ್ಡ್ ಕಳಚಿ ಬೇರೆ ಪೆಟ್ಟಿಗೆಯಲ್ಲಿ ತನ್ನಿ. ಕುಲುಕಾಟಕ್ಕೆ ಸ್ಲಾಟ್ ಮುರಿಯಬಹುದು.

ಹಣ ಹಂಚುವ ಬಗೆ

ಮಾನಿಟರ್, ಯುಪಿಎಸ್ ಬಿಟ್ಟು ಪ್ರತಿ 100 ರೂಪಾಯಿಯಲ್ಲಿ ಹೀಗೆ ಹಂಚಬಹುದು: ಕಾರ್ಡ್ 35, ಪ್ರೊಸೆಸರ್ 17, ಬೋರ್ಡ್ 13, ರ‍್ಯಾಮ್ 13, ಎಸ್‌ಎಸ್‌ಡಿ 9, ಎಸ್‌ಎಂಪಿಎಸ್ 8, ಕ್ಯಾಬಿನೆಟ್ 5. ರ‍್ಯಾಮ್ ಬೆಲೆ ಏರಿದ್ದರೆ ಆ ಹೊರೆಯನ್ನು ಕಾರ್ಡಿನಿಂದ ಕಡಿಮೆ ಮಾಡಿ, ಎಸ್‌ಎಂಪಿಎಸ್‌ನಿಂದಲ್ಲ. ಅಷ್ಟು ಹಣ ಈಗಿಲ್ಲದವರು 5600ಜಿ, ಎರಡು ಕಡ್ಡಿ ರ‍್ಯಾಮ್, ಒಳ್ಳೆಯ 450 ವಾಟ್ ಎಸ್‌ಎಂಪಿಎಸ್ ಇಟ್ಟು ಆರಂಭಿಸಲಿ. ಹಗುರ ಆಟ, ಓದು, ಲೆಕ್ಕ ಎಲ್ಲ ನಡೆಯುತ್ತದೆ. ಮುಂದಿನ ವರ್ಷ ದ್ರಾಕ್ಷಿಯೋ ಏಲಕ್ಕಿಯೋ ಕೈ ಹಿಡಿದಾಗ ಕಾರ್ಡ್ ಒಂದನ್ನು ಸೇರಿಸಿದರೆ ಆಯಿತು. ಉಳಿದ ಯಾವ ಭಾಗವನ್ನೂ ಎಸೆಯಬೇಕಿಲ್ಲ.

ಕೊನೆಯದಾಗಿ, ಯಂತ್ರ ಸಿದ್ಧವಾದ ದಿನವೇ ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಕೀಲಿಮಣೆ ಸೇರಿಸಿಕೊಳ್ಳಿ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಫೋನೆಟಿಕ್ ಕೀಲಿಮಣೆಯೂ ಅದರಲ್ಲೇ ಇದೆ, ಪ್ರತ್ಯೇಕ ಹಣ ಬೇಡ. ಆಟಕ್ಕೆಂದು ಬಂದ ಯಂತ್ರದಲ್ಲಿ ಮಕ್ಕಳು ನಾಲ್ಕು ಸಾಲು ಕನ್ನಡವನ್ನೂ ಬರೆಯಲಿ.