ದೂರಶಿಕ್ಷಣ: ಮಾನ್ಯತೆ ಮತ್ತು ಗುಣಮಟ್ಟ

ದೂರಶಿಕ್ಷಣದಲ್ಲಿ ಮಾನ್ಯತೆ ಬೇರೆ, ಮೌಲ್ಯಾಂಕನ ಬೇರೆ. ಭಾರತದಲ್ಲಿ ಕೋರ್ಸು ನಡೆಸಲು ಅನುಮತಿ ಕೊಡುವುದು ಯುಜಿಸಿ. 2013ರವರೆಗೆ ಈ ಕೆಲಸ ಇಗ್ನೋ ಅಧೀನದ ದೂರಶಿಕ್ಷಣ ಮಂಡಳಿಯದಾಗಿತ್ತು. ಸಂಸ್ಥೆಯ ಗುಣವನ್ನು ಅಳೆದು ಶ್ರೇಣಿ ನೀಡುವುದು 1994ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯಿರುವ ನ್ಯಾಕ್. ಈ ಎರಡೂ ಬಿಗಿಯಾದಷ್ಟೂ ದುಡಿಯುತ್ತ ಓದುವವರಿಗೆ, ಮದುವೆಯಾಗಿ ಓದು ನಿಲ್ಲಿಸಿದ ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚುತ್ತದೆ ಎಂಬ ಆಕ್ಷೇಪವಿದೆ. ಅದು ಹಗುರವಾದ ಮಾತಲ್ಲ. ಆದರೆ ನಿಯಮ ಸಡಿಲವಾದಾಗ ಪೆಟ್ಟು ತಿನ್ನುವವರೂ ಅವರೇ. 1996ರಲ್ಲಿ ಮೈಸೂರಿನಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ 2013-14ರಿಂದ ಮಾನ್ಯತೆ ಇಲ್ಲವಾಗಿ, 2018ರಲ್ಲಿ ಮರಳಿತು. ರಾಜ್ಯದ ಗಡಿಯಾಚೆ ಕೋರ್ಸು ನಡೆಸಿದ್ದು ತಕರಾರಿನ ಮುಖ್ಯ ಅಂಶ. ನಡುವಿನ ವರ್ಷಗಳಲ್ಲಿ ಓದಿದವರು ತಮ್ಮ ಪದವಿಯ ಸಿಂಧುತ್ವಕ್ಕಾಗಿ ಅಲೆಯಬೇಕಾಯಿತು.

ಹಾಗೆಂದು ಕಟ್ಟಡ, ಗ್ರಂಥಾಲಯಗಳ ಲೆಕ್ಕದಿಂದಲೇ ಮುಕ್ತ ವಿಶ್ವವಿದ್ಯಾನಿಲಯವನ್ನು ಅಳೆಯಲಾಗದು. ತರಗತಿಗೆ ಬಾರದ ವಿದ್ಯಾರ್ಥಿಗೆ ಪಾಠಪುಸ್ತಕವೇ ಮೇಷ್ಟ್ರು. ಯುಜಿಸಿಯ 2020ರ ನಿಯಮಾವಳಿ ಸ್ವಯಂಕಲಿಕಾ ಸಾಮಗ್ರಿ, ಕಲಿಕಾರ್ಥಿ ಸಹಾಯ ಕೇಂದ್ರ, ಆಂತರಿಕ ಗುಣಮಟ್ಟ ಖಾತರಿ ಕೇಂದ್ರಗಳಿಗೆ ಒತ್ತು ಕೊಟ್ಟಿರುವುದು ಆದ್ದರಿಂದ ಸರಿಯಾದ ದಿಕ್ಕು. ಪುಸ್ತಕ ಸಕಾಲಕ್ಕೆ ಕೈಸೇರಿತೇ, ಬರೆದ ನಿಯೋಜನೆ ತಿದ್ದುಪಡಿಯೊಂದಿಗೆ ಹಿಂದಿರುಗಿತೇ ಎಂಬುದಕ್ಕೆ ಶ್ರೇಣಿಯಲ್ಲಿ ಇನ್ನೂ ಹೆಚ್ಚಿನ ತೂಕ ಸಿಗಬೇಕು.