ಕೋವಿಯ ಗುಂಡು ಬಿಗಿಯಾದ ಕಥೆ



ಹಾಸನ ಜಿಲ್ಲೆಯ ಗೊರೂರಿನ ಹೆಸರನ್ನು ನೀವು ಎರಡು ಕಾರಣಗಳಿಂದ ಕೇಳಿರುತ್ತೀರಿ. ಒಂದು, ಹೇಮಾವತಿ ನದಿಗೆ ಅಡ್ಡಲಾಗಿ ಕಟ್ಟಿ 1979ರಲ್ಲಿ ಮುಗಿಸಿದ ಅಣೆಕಟ್ಟು. ಇನ್ನೊಂದು, ಆ ಊರಿನ ಹೆಸರಿನಿಂದಲೇ ನಾಡಿಗೆಲ್ಲ ಪರಿಚಿತರಾದ ಸಾಹಿತಿ ಗೊರೂರು ರಾಮಸ್ವಾಮಿ ಅಯ್ಯಂಗಾರರು. ಇಂದು ನಾವು ಮೂರನೆಯದೊಂದು ವಸ್ತುವನ್ನು ಹಿಡಿದು ಆ ಸೀಮೆಗೆ ಹೋಗೋಣ. ಅದು ಹಳೆಯ ಕಾಲದ ಕೇಪಿನ ಕೋವಿ. ಗೊರೂರಿನಿಂದ ದಕ್ಷಿಣಕ್ಕೆ ಅರಕಲಗೂಡು ದಾಟಿ ಮುಂದೆ ಹೋದರೆ ಕೊಡಗಿನ ಗಡಿ ಬರುತ್ತದೆ. ಈ ಇಡೀ ಪ್ರದೇಶದಲ್ಲಿ ಗದ್ದೆಗೆ ನುಗ್ಗುವ ಹಂದಿಯ ಹಿಂಡನ್ನು ಬೆದರಿಸಲು ಕೋವಿ ಇಟ್ಟುಕೊಂಡ ಮನೆಗಳು ಹಿಂದಿನಿಂದಲೂ ಇವೆ.

ಕೋವಿಯೊಂದರಲ್ಲಿ ಇತಿಹಾಸವೇನಿದೆ ಎಂದು ನೀವು ಕೇಳಬಹುದು. ಕೋವಿಯ ನಳಿಗೆಗೂ ಅದರೊಳಗಿನ ಗುಂಡಿಗೂ ನಡುವೆ ಇರುವ ಸಣ್ಣ ಸಂದಿನಲ್ಲಿ ಒಂದು ದೊಡ್ಡ ಇತಿಹಾಸವೇ ಅಡಗಿದೆ.

ಈಡು ತುಂಬುವ ಬಗೆ

ಈಗಿನ ಬಂದೂಕಿಗೆ ತೋಟಾವನ್ನು ಹಿಂದಿನಿಂದ ಹಾಕುತ್ತಾರೆ. ಕೇಪಿನ ಕೋವಿಗೆ ಹಾಗಲ್ಲ, ಎಲ್ಲವೂ ಬಾಯಿಯಿಂದಲೇ ಒಳಗೆ ಹೋಗಬೇಕು. ಮೊದಲು ಅಳತೆಯ ಮದ್ದು; ಅದರ ಮೇಲೆ ತೆಂಗಿನ ನಾರಿನದೋ ಹಳೆಯ ಬಟ್ಟೆಯದೋ ಒಂದು ಉಂಡೆ; ಉದ್ದನೆಯ ಸಲಾಕೆಯಿಂದ ಅದನ್ನು ಜಡಿದ ಮೇಲೆ ಗುಂಡು ಅಥವಾ ಚರೆ; ಅದು ಜಾರಿ ಬೀಳದಂತೆ ಮತ್ತೊಂದು ಉಂಡೆ. ಕೊನೆಗೆ ಹಿಂಭಾಗದ ಮೊಳೆಗೆ ಕೇಪು ತೊಡಿಸುತ್ತಾರೆ. ಕುದುರೆ ಬಂದು ಕೇಪಿಗೆ ಬಡಿದಾಗ ಕಿಡಿ ಹಾರಿ ಮದ್ದು ಹೊತ್ತಿಕೊಳ್ಳುತ್ತದೆ. ಈ ಕೇಪು ಬಳಕೆಗೆ ಬಂದದ್ದು 19ನೆಯ ಶತಮಾನದಲ್ಲಿ. ಅದಕ್ಕೆ ಮೊದಲು ಚಕಮಕಿ ಕಲ್ಲು, ಇನ್ನೂ ಮೊದಲು ಉರಿಯುವ ಬತ್ತಿ ಇದ್ದವು.

ಅನುಭವಿಯಾದ ಬೇಟೆಗಾರ ಎರಡು ವಿಷಯಗಳಲ್ಲಿ ಬಹಳ ಎಚ್ಚರವಾಗಿರುತ್ತಿದ್ದ. ಮೊದಲನೆಯದು, ಗುಂಡು ಮದ್ದಿನ ಮೇಲೆ ಸರಿಯಾಗಿ ಕೂತಿರಬೇಕು. ನಡುವೆ ಖಾಲಿ ಜಾಗ ಉಳಿದರೆ ನಳಿಗೆಯೇ ಸಿಡಿದು ಹೊಡೆಯುವವನ ಕೈ ಹೋಗಬಹುದು. ಅದಕ್ಕಾಗಿ ಸಲಾಕೆಯ ಮೇಲೆ ಗುರುತು ಮಾಡಿಕೊಂಡು, ಗುಂಡು ತಳದವರೆಗೆ ಇಳಿಯಿತೇ ಎಂದು ನೋಡುವ ಪದ್ಧತಿ ಹಲವು ದೇಶಗಳಲ್ಲಿತ್ತು. ಎರಡನೆಯದು, ಗುಂಡು ನಳಿಗೆಗೆ ಒಪ್ಪುವಂತಿರಬೇಕು. ಸಡಿಲವಾದ ಗುಂಡು ಒಳಗೆ ಅತ್ತಿತ್ತ ಬಡಿದುಕೊಂಡು ಹೊರಬರುತ್ತದೆ. ಕೊನೆಯ ಬಡಿತ ಯಾವ ಕಡೆಗೆ ಬಿತ್ತೋ ಆ ಕಡೆಗೆ ಓರೆಯಾಗಿ ಹಾರುತ್ತದೆ. ಸಂದಿನಿಂದ ಹೊಗೆ ನುಸುಳಿ ಹೋಗಿ ಮದ್ದಿನ ಬಲವೂ ವ್ಯರ್ಥವಾಗುತ್ತದೆ. ಬಿಗಿಯಾದ ಗುಂಡಾದರೋ ಗುರಿಗೆ ನೇರವಾಗಿ ಹೋಗುತ್ತದೆ. ಆದರೆ ಅದನ್ನು ಒಳಗೆ ಇಳಿಸುವುದೇ ಕಷ್ಟ.

ಬೇಟೆಗಾರನ ಬಿಡುವು, ಸಿಪಾಯಿಯ ಅವಸರ

ಇಲ್ಲಿ ಬೇಟೆಗಾರನ ದಾರಿ ಒಂದು, ಸಿಪಾಯಿಯ ದಾರಿ ಇನ್ನೊಂದು. ಬೇಟೆಗಾರನಿಗೆ ಬೇಕಾದದ್ದು ಒಂದೇ ಈಡು, ಅದು ತಪ್ಪಬಾರದು. ಅದನ್ನು ತುಂಬಲು ಒಂದೆರಡು ನಿಮಿಷ ಹಿಡಿದರೂ ಚಿಂತೆಯಿಲ್ಲ. ಯೂರೋಪು ಮತ್ತು ಅಮೆರಿಕದ ಬೇಟೆಗಾರರು ನಳಿಗೆಯ ಒಳಗೆ ತಿರುಪಿನಂಥ ಗೆರೆಗಳನ್ನು ಕೊರೆಸಿಕೊಂಡರು. ಇದೇ ರೈಫಲ್. ಎಣ್ಣೆಯಲ್ಲೋ ಕೊಬ್ಬಿನಲ್ಲೋ ನೆನೆಸಿದ ಬಟ್ಟೆಯ ಚೂರನ್ನು ಗುಂಡಿಗೆ ಸುತ್ತಿ ಒಳಗೆ ತಳ್ಳುತ್ತಿದ್ದರು. ಬಟ್ಟೆ ಸಂದನ್ನು ಮುಚ್ಚುತ್ತಿತ್ತು, ಜಿಡ್ಡು ಗುಂಡನ್ನು ಜಾರಿಸುತ್ತಿತ್ತು. ಗೆರೆಗಳ ಹಿಡಿತಕ್ಕೆ ಸಿಕ್ಕಿದ ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗುತ್ತಿತ್ತು.

ಸಾಲಿನಲ್ಲಿ ನಿಂತ ಸಿಪಾಯಿಗೆ ಅಷ್ಟು ಬಿಡುವೆಲ್ಲಿಯದು? ಅವನು ಒಂದು ನಿಮಿಷಕ್ಕೆ ಎರಡು ಮೂರು ಸಲ ಹೊಡೆಯಬೇಕು. ಎರಡು ಮೂರು ಈಡು ಹಾರಿಸುವಷ್ಟರಲ್ಲಿ ಸುಟ್ಟ ಮದ್ದಿನ ಕರಿ ನಳಿಗೆಯೊಳಗೆ ಕಟ್ಟಿಕೊಳ್ಳುತ್ತದೆ. ಆಗ ಬಿಗಿಗುಂಡು ಇಳಿಯುವುದೇ ಇಲ್ಲ. ಆದ್ದರಿಂದ ಸೈನ್ಯಗಳು ಬೇಕೆಂದೇ ಸಡಿಲ ಗುಂಡನ್ನು ಆರಿಸಿಕೊಂಡವು. ಮೈಸೂರು ಯುದ್ಧಗಳಲ್ಲಿ ಬ್ರಿಟಿಷರು ಹಿಡಿದಿದ್ದ 'ಬ್ರೌನ್ ಬೆಸ್' ಬಂದೂಕಿನ ನಳಿಗೆಯ ವ್ಯಾಸ ಸುಮಾರು 0.75 ಅಂಗುಲ, ಗುಂಡಿನದು ಸುಮಾರು 0.69 ಅಂಗುಲ. ಅಂದರೆ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಸಂದು! ನೂರು ಗಜ ದಾಟಿದ ಮೇಲೆ ಅದರಿಂದ ಒಬ್ಬ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತೇ ಆಗಿತ್ತು.

ಊದುಗೊಳವೆ ಕಲಿಸಿದ ಪಾಠ

ಸುಲಭವಾಗಿ ಇಳಿಯಬೇಕು, ಆದರೆ ಹಾರುವಾಗ ಬಿಗಿಯಾಗಿರಬೇಕು. ಇಂಥ ಗುಂಡು ಸಾಧ್ಯವೇ? ಇದಕ್ಕೆ ಉತ್ತರದ ಸುಳಿವು ದೊರೆತದ್ದು ನಮ್ಮ ದೇಶದಲ್ಲಿಯೇ ಎಂದರೆ ನಿಮಗೆ ಆಶ್ಚರ್ಯವಾಗಬಹುದು. 19ನೆಯ ಶತಮಾನದ ಮೊದಲ ಭಾಗದಲ್ಲಿ ಬ್ರಿಟಿಷ್ ಸೈನ್ಯದ 34ನೆಯ ದಳದ ಕ್ಯಾಪ್ಟನ್ ಜಾನ್ ನಾರ್ಟನ್ ಭಾರತದಲ್ಲಿದ್ದ. ಇಲ್ಲಿನ ಜನ ಬೇಟೆಗೆ ಬಳಸುತ್ತಿದ್ದ ಊದುಗೊಳವೆಯನ್ನು ಅವನು ಕಂಡನೆಂದು ಹೇಳುತ್ತಾರೆ. ಒಲೆ ಊದುವ ಊದುಗೊಳವೆಯನ್ನು ನೀವು ಬಲ್ಲಿರಿ. ಬೇಟೆಯ ಗೊಳವೆ ಅದಕ್ಕಿಂತ ಉದ್ದ. ಒಳಗೆ ಸಣ್ಣ ಬಾಣ, ಬಾಣದ ಬುಡದಲ್ಲಿ ಮೆತ್ತನೆಯ ಬೆಂಡು. ಊದಿದೊಡನೆ ಬೆಂಡು ಹಿಗ್ಗಿ ಗೊಳವೆಯ ಒಳಗೋಡೆಗೆ ಅಂಟಿಕೊಳ್ಳುತ್ತದೆ, ಉಸಿರು ಸೋರುವುದಿಲ್ಲ.

ಸೀಸದ ಗುಂಡಿನ ಬುಡವನ್ನೂ ಹೀಗೆಯೇ ಟೊಳ್ಳು ಮಾಡಿದರೆ ಮದ್ದಿನ ಒತ್ತಡಕ್ಕೆ ಅದು ಹಿಗ್ಗಿ ಗೆರೆಗಳನ್ನು ಹಿಡಿಯುತ್ತದಲ್ಲವೆ ಎಂದು ನಾರ್ಟನ್ ಯೋಚಿಸಿದ. ಅವನ ಸರ್ಕಾರ ಅದನ್ನು ಒಪ್ಪಲಿಲ್ಲ. ಮುಂದೆ 1849ರಲ್ಲಿ ಫ್ರಾನ್ಸಿನ ಸೇನಾಧಿಕಾರಿ ಕ್ಲೋದ್ ಎತಿಯೆನ್ ಮಿನಿಯೆ ಇದೇ ತತ್ತ್ವದ ಗುಂಡನ್ನು ರೂಪಿಸಿದಾಗ ಬ್ರಿಟಿಷರು ಹಣ ಕೊಟ್ಟು ಅದನ್ನು ಪಡೆದುಕೊಂಡರು. ತಮ್ಮವನ ಮಾತಿಗೆ ಬೆಲೆ ಕೊಡದವರು ಪರರಿಗೆ ಹಣ ತೆರಬೇಕಾಯಿತು.

ಕಾಲು ಮಿಲಿಮೀಟರು ತಂದ ಕೋಲಾಹಲ

ಈ ಸಾಲಿನ ಮುಂದಿನ ಬಂದೂಕೇ 1853ರ ಎನ್‌ಫೀಲ್ಡ್ ರೈಫಲ್. ಅದರ ನಳಿಗೆಯ ವ್ಯಾಸ 0.577 ಅಂಗುಲ, ಗುಂಡಿನದು 0.568 ಅಂಗುಲ. ಒಂದೂವರೆ ಮಿಲಿಮೀಟರಿನ ಸಂದು ಈಗ ಕಾಲು ಮಿಲಿಮೀಟರಿಗಿಂತಲೂ ಕಡಿಮೆಯಾಯಿತು. ಗುರಿಪಟ್ಟಿಯ ಮೇಲೆ 900 ಗಜದವರೆಗೆ ಗುರುತುಗಳಿದ್ದವು. ಆದರೆ ಸಂದು ಕಿರಿದಾದಷ್ಟೂ ಜಿಡ್ಡು ಬೇಕೇ ಬೇಕು. ಗುಂಡನ್ನು ಸುತ್ತಿದ ಕಾಗದ ನಳಿಗೆಯೊಳಗೆ ಜಾರಲೆಂದು ಅದಕ್ಕೆ ಪ್ರಾಣಿಯ ಕೊಬ್ಬನ್ನು ಬೆರೆಸಿದ ಜಿಡ್ಡು ಬಳಿಯುತ್ತಿದ್ದರು. ಮದ್ದು ಮತ್ತು ಗುಂಡು ಒಟ್ಟಿಗೆ ಇದ್ದ ಆ ಕಾಗದದ ತೋಟಾದ ತುದಿಯನ್ನು ಸಿಪಾಯಿ ಹಲ್ಲಿನಿಂದ ಕಚ್ಚಿ ಹರಿಯಬೇಕು ಎಂಬುದು ಕವಾಯತಿನ ನಿಯಮ.

ಮುಂದಿನ ಕಥೆಯನ್ನು ನೀವು ಪಾಠದಲ್ಲಿ ಓದಿದ್ದೀರಿ. ಆ ಕೊಬ್ಬು ಹಸುವಿನದು, ಹಂದಿಯದು ಎಂಬ ಮಾತು 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಲ್ಲಿ ಹಬ್ಬಿತು. ಕೊಬ್ಬು ಯಾವ ಪ್ರಾಣಿಯದೆಂದು ನೋಡುವ ಎಚ್ಚರವನ್ನು ಅಧಿಕಾರಿಗಳು ವಹಿಸಿರಲಿಲ್ಲ. ಸಿಪಾಯಿಗಳೇ ತಮಗೆ ಒಪ್ಪುವ ಜಿಡ್ಡನ್ನು ಹಚ್ಚಿಕೊಳ್ಳಲಿ, ಕೈಯಿಂದಲೇ ಹರಿಯಲಿ ಎಂದು ಆಮೇಲೆ ಅನುಮತಿ ಕೊಟ್ಟರೂ ನಂಬುವವರಿರಲಿಲ್ಲ. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ ಪಾಂಡೆ ಬಂದೂಕೆತ್ತಿದ. ಮೇ 10ರಂದು ಮೀರತ್ ಸಿಡಿದೆದ್ದಿತು.

ತೋಟಾ ಒಂದೇ ದಂಗೆಗೆ ಕಾರಣವೆಂದು ತಿಳಿಯಬೇಡಿ. ರಾಜ್ಯಗಳ ಕಬಳಿಕೆ, ಕಂದಾಯದ ಭಾರ, ಸಂಬಳದ ತಾರತಮ್ಯ, ಧರ್ಮದ ಆತಂಕ ಇವೆಲ್ಲ ಮದ್ದಿನ ಹಾಗೆ ಮೊದಲೇ ತುಂಬಿಕೊಂಡಿದ್ದವು. ತೋಟಾ ಬರಿಯ ಕೇಪು. ಗುಂಡು ನಳಿಗೆಗೆ ಹತ್ತಿರವಾಯಿತು, ಆಳುವವರು ಜನರಿಂದ ದೂರವಾದರು.

ಹಲಗಲಿಯ ಬೆಂಕಿ

ಹೆದರಿದ ಸರ್ಕಾರ ಆ ವರ್ಷವೇ ಜನರ ಆಯುಧಗಳನ್ನು ಕಸಿಯುವ ಕಾಯಿದೆ ತಂದಿತು. ಅದರ ಬಿಸಿ ಕನ್ನಡನಾಡಿಗೂ ತಟ್ಟಿತು. ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಬಳಿ ಇರುವ ಹಲಗಲಿಯ ಬೇಡರಿಗೆ ಆಯುಧವೆಂದರೆ ಬದುಕು ಮತ್ತು ಮರ್ಯಾದೆ. ಅವರು ಕೊಡುವುದಿಲ್ಲ ಎಂದರು. 1857ರ ನವೆಂಬರಿನಲ್ಲಿ ಕಂಪನಿಯ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಈ ಹೋರಾಟವನ್ನು ಹಾಡುವ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಬ್ರಿಟಿಷ್ ಅಧಿಕಾರಿಯೇ ಆದ ಜೆ. ಎಫ್. ಫ್ಲೀಟ್ ಎಂಬುದು ಇತಿಹಾಸದ ಒಂದು ವಿಚಿತ್ರ.

ಇನ್ನು ನಮ್ಮ ಗೊರೂರಿನ ನೆರೆಯ ಕೊಡಗನ್ನು ನೋಡಿ. ಅಲ್ಲಿಯ ಜನ ತಮಗೆ ಮಾಡಿದ ಸಹಾಯವನ್ನು ನೆನೆದು, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರಿಗೆ ಈ ಕಾಯಿದೆಯಿಂದ ವಿನಾಯಿತಿ ಕೊಟ್ಟನು. ಒಂದೇ ನಾಡು, ಒಂದೇ ಕೋವಿ. ಹಲಗಲಿಗೆ ಗಲ್ಲು, ಕೊಡಗಿಗೆ ಗೌರವ! 1878ರ ಶಸ್ತ್ರ ಕಾಯಿದೆಯಲ್ಲಂತೂ ಭೇದ ಇನ್ನೂ ನಿಚ್ಚಳವಾಯಿತು. ಭಾರತೀಯನಿಗೆ ಲೈಸೆನ್ಸ್ ಬೇಕು, ಯೂರೋಪಿಯನ್ನನಿಗೆ ಬೇಡ.

ಸ್ವತಂತ್ರ ಭಾರತ 1959ರಲ್ಲಿ ತನ್ನದೇ ಶಸ್ತ್ರ ಕಾಯಿದೆ ಮಾಡಿಕೊಂಡಿತು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇದ್ದ ವಿನಾಯಿತಿ ಉಳಿಯಿತು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಅಲ್ಲಿ ಇಂದಿಗೂ ಕೋವಿಗೆ ಹೂವಿಟ್ಟು ಪೂಜಿಸುತ್ತಾರೆ. ಗಡಿಯ ಈಚೆಗೆ, ಅರಕಲಗೂಡು ಗೊರೂರುಗಳ ರೈತನಿಗೆ ಲೈಸೆನ್ಸ್ ಬೇಕು. ಬೇಟೆಯಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇಲೆ ಎರಡೂ ಕಡೆ ಅಪರಾಧ.

ಮತ್ತೆ ಗೊರೂರಿಗೆ

ಕೊನೆಯದಾಗಿ ಒಂದು ಮಾತು. 1918ರಲ್ಲಿ, ಮೊದಲನೆಯ ಮಹಾಯುದ್ಧದ ಸಮಯದಲ್ಲಿ, ಗಾಂಧೀಜಿ ಗುಜರಾತಿನ ಖೇಡಾದಲ್ಲಿ ಸೈನ್ಯಕ್ಕೆ ಜನರನ್ನು ಸೇರಿಸಲು ಹಳ್ಳಿಹಳ್ಳಿ ತಿರುಗಿದರು. ಆಗ ಹಂಚಿದ ಕರಪತ್ರದಲ್ಲಿ, ಒಂದು ಇಡೀ ಜನಾಂಗದ ಕೈಯಿಂದ ಆಯುಧ ಕಿತ್ತುಕೊಂಡ ಕಾನೂನನ್ನು ಬಹಳ ಕಠಿಣವಾಗಿ ಖಂಡಿಸಿದರು. ಅಹಿಂಸೆಯನ್ನು ಬೋಧಿಸಿದವರೇ ಹೀಗೆ ಬರೆದರೆ ಎಂದು ನೀವು ಹುಬ್ಬೇರಿಸಬಹುದು. ಅವರ ನೋವು ಆಯುಧ ಹೋಯಿತೆಂಬುದಕ್ಕಿಂತ, ಆಳುವವರು ಜನರನ್ನು ನಂಬಲಿಲ್ಲ ಎಂಬುದರ ಬಗೆಗೆ ಇದ್ದಿರಬೇಕು. ಈ ಪ್ರಸಂಗವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಸೇರಿಸಿದ್ದಾರೆ. ಆ ಆತ್ಮಕಥೆಯನ್ನು ಕನ್ನಡಕ್ಕೆ ತಂದವರು ಯಾರು ಗೊತ್ತೆ? ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರೇ!

ಮಿತ್ರರೇ, ಇತಿಹಾಸವೆಂದರೆ ರಾಜರ ಪಟ್ಟಿ, ಯುದ್ಧಗಳ ತಾರೀಖು ಎಂದು ಬೇಸರಪಡಬೇಡಿ. ನಿಮ್ಮ ಊರಿನಲ್ಲಿ ಹಳೆಯ ಕೋವಿ ಇಟ್ಟುಕೊಂಡ ಹಿರಿಯರಿದ್ದರೆ, ಅದನ್ನು ಮುಟ್ಟದೆ ದೂರದಲ್ಲಿ ಕೂತು ಕೇಳಿ: ತಾತ, ಇದು ಯಾವ ಕಾಲದ್ದು? ಗುಂಡನ್ನು ಎಲ್ಲಿ ಎರಕ ಹೊಯ್ಯುತ್ತಿದ್ದರು? ಲೈಸೆನ್ಸ್ ಯಾವಾಗ ಬಂತು? ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಪಠ್ಯಪುಸ್ತಕದ 1857ರ ಪಾಠವನ್ನು ಇನ್ನೊಮ್ಮೆ ತೆರೆದು ಓದಿ. ಮೊದಲು ಓದಿದ ಪಾಠವೇ ಅದು ಎಂದು ನಿಮಗೆ ಅನ್ನಿಸಲಾರದು.